ಹತ್ತು ಕೋಟಿ ಸದಸ್ಯರು ಅಂದರೆ ಎಷ್ಟು ಜನ?

ವಿಮಾನ ಕಂಪನಿಗಳ ಸುದ್ದಿ ಓದುವವರಿಗೆ ಒಂದು ಅಂಕಿ ಪದೇ ಪದೇ ಎದುರಾಗುತ್ತದೆ. "ನಮ್ಮ ಫ್ರೀಕ್ವೆಂಟ್ ಫ್ಲೈಯರ್ ಕಾರ್ಯಕ್ರಮದಲ್ಲಿ ಇಷ್ಟು ಕೋಟಿ ಸದಸ್ಯರಿದ್ದಾರೆ" ಎಂಬ ಘೋಷಣೆ ಅದು. ಹಾರಿದಷ್ಟೂ ಪಾಯಿಂಟ್ ಅಥವಾ 'ಮೈಲ್' ಕೊಟ್ಟು, ಕೂಡಿದ ಮೇಲೆ ಬಿಟ್ಟಿ ಟಿಕೆಟ್ ಕೊಡುವ ಯೋಜನೆ ಇದು. ಯುನೈಟೆಡ್ ಏರ್‌ಲೈನ್ಸ್ 2020ರಲ್ಲಿ ತನ್ನ ಮೈಲೇಜ್‌ಪ್ಲಸ್‌ಗೆ 10 ಕೋಟಿಗೂ ಜಾಸ್ತಿ ಸದಸ್ಯರಿದ್ದಾರೆ ಎಂದಿತು. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ತನ್ನ ಎಅಡ್ವಾಂಟೇಜ್‌ಗೆ 11.5 ಕೋಟಿ ಎಂದಿತು. ಎರಡನ್ನೂ ಕೂಡಿಸಿದರೆ 21.5 ಕೋಟಿ. ಅಮೆರಿಕದ ಒಟ್ಟು ಜನಸಂಖ್ಯೆಯೇ ಸುಮಾರು 33 ಕೋಟಿ. ಹೊರದೇಶದ ಸದಸ್ಯರೂ ಇದರಲ್ಲಿದ್ದಾರೆ, ನಿಜ. ಆದರೂ ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಪ್ರತಿ ಮೂವರಲ್ಲಿ ಇಬ್ಬರು ಬರೀ ಎರಡು ಕಂಪನಿಗಳ 'ಪದೇ ಪದೇ ಹಾರುವ' ಗಿರಾಕಿಗಳು ಅಂದರೆ ನಂಬುವುದು ಕಷ್ಟ, ಅಲ್ವಾ?

ನಮ್ಮಲ್ಲೂ ಈ ಗೊಂದಲಕ್ಕೆ ಈಗ ಕಾಲ ಬಂದಿದೆ. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾಯಿತು, ಕ್ಲಬ್ ವಿಸ್ತಾರಾ ಸದಸ್ಯರು ಏರ್ ಇಂಡಿಯಾದ ಕಾರ್ಯಕ್ರಮಕ್ಕೆ ಬಂದರು, ಅದರ ಹೆಸರು ಮಹಾರಾಜ ಕ್ಲಬ್ ಎಂದಾಯಿತು. ಅದೇ ತಿಂಗಳು ಇಂಡಿಗೊ ತನ್ನ ಬ್ಲೂಚಿಪ್ ಶುರು ಮಾಡಿತು. ಇನ್ನು ಮುಂದೆ ಯಾರ ಬಳಿ ಎಷ್ಟು ಸದಸ್ಯರು ಎಂಬ ಹೋಲಿಕೆ ಬರುತ್ತಲೇ ಇರುತ್ತದೆ. ಹೋಲಿಸುವ ಮೊದಲು ಈ ಅಂಕಿಗಳು ಏನನ್ನು ಎಣಿಸುತ್ತವೆ ಎಂದು ನೋಡಬೇಕು.

ಎಣಿಸುವುದು ಖಾತೆಯನ್ನು, ಮನುಷ್ಯರನ್ನಲ್ಲ

ಸದಸ್ಯರಾಗಲು ಏನು ಬೇಕು? ಹೆಸರು, ಇಮೇಲ್, ಮೊಬೈಲ್ ನಂಬರ್, ಹುಟ್ಟಿದ ದಿನಾಂಕ. ಒಂದು ಪೈಸೆ ಖರ್ಚಿಲ್ಲ. ಟಿಕೆಟ್ ಬುಕ್ ಮಾಡುವಾಗ ಸುಮ್ನೆ ಒಂದು ಟಿಕ್ ಹಾಕಿದರೂ ಸಾಕು, ನಂಬರ್ ಸಿಗುತ್ತದೆ. ಒಳಗೆ ಬರುವುದು ಇಷ್ಟು ಸುಲಭ. ಹೊರಗೆ ಹೋಗುವ ಬಾಗಿಲು ಮಾತ್ರ ಇಲ್ಲವೇ ಇಲ್ಲ ಅನ್ನಬಹುದು, ಏಕೆಂದರೆ ಬಳಸದ ಖಾತೆಯನ್ನು ಕೂತು ಮುಚ್ಚಿಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಕಂಪನಿಯೂ ತಾನಾಗಿ ಮುಚ್ಚಲು ಆತುರಪಡುವುದಿಲ್ಲ. ತೀರಿಹೋದವರ ಖಾತೆಯೂ ಮನೆಯವರು ತಿಳಿಸುವವರೆಗೆ ಹಾಗೇ ಇರುತ್ತದೆ.

ಇದರ ಮೇಲೆ ನಕಲಿನ ಸಮಸ್ಯೆ. ಹಳೆಯ ಆಫೀಸ್ ಇಮೇಲ್‌ನಲ್ಲಿ ಒಂದು ಖಾತೆ, ಕೆಲಸ ಬಿಟ್ಟ ಮೇಲೆ ಜಿಮೇಲ್‌ನಲ್ಲಿ ಇನ್ನೊಂದು. ನಮ್ಮ ಹೆಸರುಗಳಂತೂ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಕಂಪ್ಯೂಟರ್‌ಗೆ ಅವರು ಮೂರು ಜನ. ಎರಡು ಕಂಪನಿಗಳು ಒಂದಾದಾಗ ಇದು ಇನ್ನೂ ಜಾಸ್ತಿಯಾಗುತ್ತದೆ. ದೆಹಲಿಗೆ ಓಡಾಡುವ ಒಬ್ಬರು ಏರ್ ಇಂಡಿಯಾದಲ್ಲೂ ವಿಸ್ತಾರಾದಲ್ಲೂ ಸದಸ್ಯರಾಗಿದ್ದರೆ, ಆ ಎರಡು ಖಾತೆ ಜೋಡಣೆಯಾಗುವವರೆಗೆ ಅವರು ಇಬ್ಬರು. ಡೆಲ್ಟಾ ಮತ್ತು ನಾರ್ತ್‌ವೆಸ್ಟ್, ಯುನೈಟೆಡ್ ಮತ್ತು ಕಾಂಟಿನೆಂಟಲ್, ಅಮೆರಿಕನ್ ಮತ್ತು ಯುಎಸ್ ಏರ್‌ವೇಸ್ ಸೇರಿದಾಗಲೂ ಹೀಗೆ ಎರಡೆರಡು ಪಟ್ಟಿಗಳನ್ನು ಹೊಲಿಯಬೇಕಾಗಿತ್ತು. ಅಮೆರಿಕದ ದೊಡ್ಡ ಅಂಕಿಗಳ ಹಿಂದೆ ಆ ವಿಲೀನಗಳ ಪಾಲೂ ಇದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸದಸ್ಯರ ಸಂಖ್ಯೆಯನ್ನು ಪ್ರಯಾಣಿಕರ ಸಂಖ್ಯೆಯ ಪಕ್ಕ ಇಟ್ಟು ಭಾಗಿಸುವ ಚಾಳಿ ಇದೆ, ಅದೂ ತಪ್ಪು. 2024ರಲ್ಲಿ ಭಾರತದೊಳಗೆ ಸುಮಾರು 16 ಕೋಟಿ ಪ್ರಯಾಣಿಕರು ಹಾರಿದರು ಎನ್ನುತ್ತದೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ. ಅದು 16 ಕೋಟಿ ಜನರಲ್ಲ, 16 ಕೋಟಿ ಪ್ರಯಾಣ. ಶಕ್ತಿ ಯೋಜನೆಯಲ್ಲಿ 2025ರ ಜುಲೈಯಲ್ಲಿ 500 ಕೋಟಿ ದಾಟಿದ್ದೂ ಟಿಕೆಟ್‌ಗಳ ಲೆಕ್ಕವೇ, ರಾಜ್ಯದ ಹೆಂಗಸರ ಲೆಕ್ಕವಲ್ಲ. ವಿಮಾನದಲ್ಲಿ ಒಂದು ಕಡೆ ಪ್ರಯಾಣ ಎಣಿಸುತ್ತಾರೆ, ಇನ್ನೊಂದು ಕಡೆ ಖಾತೆ ಎಣಿಸುತ್ತಾರೆ. ಮನುಷ್ಯರನ್ನು ಎಣಿಸುವವರು ಯಾರೂ ಇಲ್ಲ.

ಸಿಮ್ ಕಾರ್ಡಿಗೆ ಇರುವ ಲೆಕ್ಕ ಇಲ್ಲಿಲ್ಲ

ಇದೇ ಪೀಕಲಾಟ ಮೊಬೈಲ್ ಕಂಪನಿಗಳಲ್ಲೂ ಇತ್ತು. ಮಾರಿದ ಸಿಮ್ ಎಲ್ಲವನ್ನೂ ಗ್ರಾಹಕರು ಎಂದು ತೋರಿಸುತ್ತಿದ್ದರು. ಈಗ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ತನ್ನ ತಿಂಗಳ ವರದಿಯಲ್ಲಿ ಎರಡು ಅಂಕಿ ಕೊಡುತ್ತದೆ: ಒಟ್ಟು ಎಷ್ಟು ಸಿಮ್, ಅದರಲ್ಲಿ ನಿಜಕ್ಕೂ ನೆಟ್‌ವರ್ಕ್‌ನಲ್ಲಿ ಕಾಣಿಸಿಕೊಂಡದ್ದು ಎಷ್ಟು. ಕೆಲವು ಕಂಪನಿಗಳಲ್ಲಿ ಇವೆರಡರ ನಡುವೆ ದೊಡ್ಡ ಕಂದಕವೇ ಇದೆ. ಮುಖ್ಯ ಏನೆಂದರೆ, ಅಳತೆಗೋಲು ಎಲ್ಲರಿಗೂ ಒಂದೇ, ಹಾಗಾಗಿ ಹೋಲಿಸಬಹುದು.

ವಿಮಾನ ಕಂಪನಿಗಳಿಗೆ ಅಂಥ ಟ್ರಾಯ್ ಇಲ್ಲ. 'ಸಕ್ರಿಯ ಸದಸ್ಯ' ಎಂಬ ಮಾತನ್ನು ಒಬ್ಬರು ಕಳೆದ 12 ತಿಂಗಳಲ್ಲಿ ಪಾಯಿಂಟ್ ಗಳಿಸಿದವರು ಎಂಬ ಅರ್ಥದಲ್ಲಿ ಬಳಸಬಹುದು, ಇನ್ನೊಬ್ಬರು 36 ತಿಂಗಳಲ್ಲಿ ಗಳಿಸಿದ ಅಥವಾ ಖರ್ಚು ಮಾಡಿದವರು ಎನ್ನಬಹುದು, ಮತ್ತೊಬ್ಬರು ಬರೀ ಲಾಗಿನ್ ಆದವರನ್ನೂ ಸೇರಿಸಿಕೊಳ್ಳಬಹುದು. ಬಹಳಷ್ಟು ಸಲ ಈ ಮಾತೇ ಇರುವುದಿಲ್ಲ, ಒಟ್ಟು ಸಂಖ್ಯೆಯನ್ನಷ್ಟೇ ಹೇಳಿ ಮುಗಿಸುತ್ತಾರೆ.

ಪಾಯಿಂಟ್‌ಗಳ ಆಯುಷ್ಯವೂ ಲೆಕ್ಕವನ್ನು ಬದಲಿಸುತ್ತದೆ. ಡೆಲ್ಟಾದ ಮೈಲ್‌ಗಳಿಗೆ ಅವಧಿ ಮುಗಿಯುವುದಿಲ್ಲ. ಯುನೈಟೆಡ್ ಕೂಡ 2019ರಲ್ಲಿ ಅವಧಿ ತೆಗೆದುಹಾಕಿತು. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್‌ಗಳಿಗೆ ಮೂರು ವರ್ಷದ ಆಯುಷ್ಯ. ಮೈಲ್ ಸಾಯುವುದಿಲ್ಲ ಅಂದರೆ ಖಾತೆಯನ್ನೂ ಸಾಯಿಸಲಾಗದು, ಏಕೆಂದರೆ ಅದರಲ್ಲಿ 800 ಮೈಲ್ ಬಿದ್ದಿದ್ದರೂ ಅದು ಕಂಪನಿ ಗ್ರಾಹಕನಿಗೆ ಕೊಡಬೇಕಾದ ಬಾಕಿ. ಹೀಗೆ ಗ್ರಾಹಕರಿಗೆ ಒಳ್ಳೆಯದಾದ ಒಂದು ನಿಯಮವೇ ಸದಸ್ಯರ ಪಟ್ಟಿಯನ್ನು ವರ್ಷದಿಂದ ವರ್ಷಕ್ಕೆ ಉಬ್ಬಿಸುತ್ತಾ ಹೋಗುತ್ತದೆ. ಅವಧಿ ಇರುವ ಕಂಪನಿಯ ಪಟ್ಟಿ ಚಿಕ್ಕದಾಗಿ ಕಂಡರೆ ಅದರ ಗಿರಾಕಿಗಳು ಕಡಿಮೆ ಎಂದೇನೂ ಅಲ್ಲ.

ವೈಫೈಗಾಗಿ ಸದಸ್ಯರಾದವರು

ಈಚೆಗೆ ಸಂಖ್ಯೆ ಏರುತ್ತಿರುವುದಕ್ಕೆ ಹೊಸದೊಂದು ಕಾರಣ ಸಿಕ್ಕಿದೆ. 2023ರ ಫೆಬ್ರವರಿಯಲ್ಲಿ ಡೆಲ್ಟಾ ವಿಮಾನದೊಳಗೆ ಉಚಿತ ವೈಫೈ ಕೊಡಲು ಶುರು ಮಾಡಿತು, ಆದರೆ ತನ್ನ ಸ್ಕೈಮೈಲ್ಸ್ ಕಾರ್ಯಕ್ರಮದ ಸದಸ್ಯರಿಗೆ ಮಾತ್ರ. ಅದೇ ವರ್ಷ ಜುಲೈಯಿಂದ ಸಿಂಗಪುರ ಏರ್‌ಲೈನ್ಸ್ ಕ್ರಿಸ್‌ಫ್ಲೈಯರ್ ಸದಸ್ಯರಾದ ಎಕಾನಮಿ ಪ್ರಯಾಣಿಕರಿಗೂ ವೈಫೈ ಉಚಿತ ಮಾಡಿತು. 2026ರ ಜನವರಿಯಿಂದ ತಾನೂ ಎಅಡ್ವಾಂಟೇಜ್ ಸದಸ್ಯರಿಗೆ ಕೊಡುವುದಾಗಿ ಅಮೆರಿಕನ್ ಏರ್‌ಲೈನ್ಸ್ 2025ರಲ್ಲಿ ಘೋಷಿಸಿತು.

ಆಕಾಶದಲ್ಲಿ ಕೂತವನಿಗೆ ವಾಟ್ಸಾಪ್ ನೋಡಬೇಕು. ಫಾರ್ಮ್ ತುಂಬಿದರೆ ಮೂರು ನಿಮಿಷದಲ್ಲಿ ನೋಡಬಹುದು. ಯಾರು ತಾನೇ ಬೇಡ ಅನ್ನುತ್ತಾರೆ? ಹೀಗೆ ಬಂದವರಲ್ಲಿ ಎಷ್ಟೋ ಮಂದಿ ಜೀವನದಲ್ಲಿ ಮತ್ತೆ ಆ ಕಂಪನಿಯ ವಿಮಾನ ಹತ್ತದೇ ಇರಬಹುದು. ಕಂಪನಿಗೆ ಮಾತ್ರ ಅವರ ಇಮೇಲ್, ಫೋನ್ ನಂಬರ್, ಯಾವ ಊರಿಂದ ಯಾವ ಊರಿಗೆ ಹೊರಟಿದ್ದರು ಎಂಬ ಮಾಹಿತಿ ಸಿಕ್ಕಿತು. ಕಂಪನಿಗಳು ಇದನ್ನು ಮೋಸ ಎನ್ನಲು ಒಪ್ಪುವುದಿಲ್ಲ. ಗುರುತೇ ಇಲ್ಲದ ಪ್ರಯಾಣಿಕನಿಗಿಂತ ಗುರುತಿರುವವನಿಗೆ ಮುಂದಿನ ಟಿಕೆಟ್, ಹೋಟೆಲ್, ಕ್ರೆಡಿಟ್ ಕಾರ್ಡ್ ಮಾರುವುದು ಸುಲಭ ಎಂಬುದು ಅವರ ವಾದ, ಅದರಲ್ಲಿ ಹುರುಳೂ ಇದೆ. ಆದರೆ ಇಪ್ಪತ್ತು ವರ್ಷದಿಂದ ತಿಂಗಳಿಗೆ ನಾಲ್ಕು ಸಲ ಹಾರುವ ವ್ಯಾಪಾರಿಯನ್ನೂ ವೈಫೈಗಾಗಿ ಬಂದವನನ್ನೂ ಒಂದೇ ಕೋಷ್ಟಕದಲ್ಲಿ 'ತಲಾ ಒಂದು' ಎಂದು ಎಣಿಸಿದಾಗ ಆ ಅಂಕಿಗೆ ಏನರ್ಥ ಉಳಿಯಿತು?

ದುಡ್ಡು ಬರುವುದು ಎಲ್ಲಿಂದ

ಇಷ್ಟು ಸಡಿಲವಾದ ಅಂಕಿಯನ್ನು ಕಂಪನಿಗಳು ಇಷ್ಟು ಜೋರಾಗಿ ಹೇಳುವುದೇಕೆ? ಇದಕ್ಕೆ ಉತ್ತರ ಕೋವಿಡ್ ಕಾಲದಲ್ಲಿದೆ.

1981ರ ಮೇ ತಿಂಗಳಲ್ಲಿ ಎಅಡ್ವಾಂಟೇಜ್ ಶುರುವಾದಾಗ ಲೆಕ್ಕ ಸರಳವಾಗಿತ್ತು. ಜಾಸ್ತಿ ಹಾರಿ, ಖಾಲಿ ಉಳಿಯುವ ಸೀಟನ್ನು ಬಿಟ್ಟಿ ಪಡೆಯಿರಿ. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದನ್ನೇ ಮಾಡಿತು. ಆಮೇಲೆ ಬ್ಯಾಂಕುಗಳು ಬಂದವು. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಗ್ರಾಹಕನಿಗೆ ಕೊಡಲು ಬ್ಯಾಂಕು ವಿಮಾನ ಕಂಪನಿಯಿಂದ ಮೈಲ್‌ಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತದೆ. ಅಂದರೆ ವಿಮಾನ ಕಂಪನಿ ತಾನೇ ಒಂದು ನಾಣ್ಯ ಟಂಕಿಸಿ, ಅದನ್ನು ಬ್ಯಾಂಕಿಗೆ ಮಾರಿ, ಆ ನಾಣ್ಯಕ್ಕೆ ಎಷ್ಟು ಬೆಲೆ ಎಂಬುದನ್ನೂ ಆಮೇಲೆ ತಾನೇ ತೀರ್ಮಾನಿಸುತ್ತದೆ. ಇದಕ್ಕಿಂತ ಸುಖದ ವ್ಯಾಪಾರ ಇನ್ನೇನಿದೆ!

2020ರಲ್ಲಿ ವಿಮಾನಗಳು ನೆಲ ಹಿಡಿದಾಗ ಈ ಗುಟ್ಟು ಬಯಲಾಯಿತು. ಸಾಲ ಬೇಕಿತ್ತು, ಒತ್ತೆ ಇಡಲು ಏನಾದರೂ ಬೇಕಿತ್ತು, ಕಂಪನಿಗಳು ಮೈಲ್ ಕಾರ್ಯಕ್ರಮವನ್ನೇ ಒತ್ತೆ ಇಟ್ಟವು. ಯುನೈಟೆಡ್ ಸುಮಾರು 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ, ಮರುವರ್ಷ ಅಮೆರಿಕನ್ 1,000 ಕೋಟಿ ಡಾಲರ್ ಎತ್ತಿದವು. ಸಾಲ ಕೊಡುವವರಿಗೆ ತೋರಿಸಲು ಹೊರಬಂದ ದಾಖಲೆಗಳಲ್ಲೇ ಆ ಹತ್ತು ಕೋಟಿಯ ಅಂಕಿಗಳಿದ್ದವು. ಯುನೈಟೆಡ್‌ನ ದಾಖಲೆಯಲ್ಲಿ ಇನ್ನೊಂದು ಅಂಕಿಯೂ ಇತ್ತು, ಯಾರೂ ಅಷ್ಟಾಗಿ ಗಮನಿಸಲಿಲ್ಲ: 2019ರಲ್ಲಿ ಮೈಲ್ ಮಾರಾಟದಿಂದ ಬಂದ ಸುಮಾರು 530 ಕೋಟಿ ಡಾಲರ್‌ನಲ್ಲಿ ಶೇ 71ರಷ್ಟು ಬಂದದ್ದು ಬ್ಯಾಂಕು ಮತ್ತಿತರ ಹೊರಗಿನವರಿಂದ. ಡೆಲ್ಟಾಗೆ 2024ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಒಂದರಿಂದಲೇ ಬಂದದ್ದು ಸುಮಾರು 740 ಕೋಟಿ ಡಾಲರ್.

ಈಗ ಕಾರಣ ಸ್ಪಷ್ಟ. ದುಡ್ಡು ತರುವವರು ಕಾರ್ಡ್ ಇಟ್ಟುಕೊಂಡು ದಿನವೂ ಉಜ್ಜುವವರು, ಹತ್ತು ಕೋಟಿಯಲ್ಲಿ ಅವರು ಒಂದು ಸಣ್ಣ ಪಾಲು. ಉಳಿದವರು ಬೇಡವೇ ಅಂದರೆ, ಬೇಕು. ಕಾರ್ಡ್ ಮಾರಲು ಪಟ್ಟಿ ಬೇಕು, ಪಟ್ಟಿ ಉದ್ದವಿದ್ದಷ್ಟೂ ಬ್ಯಾಂಕಿನ ಜೊತೆ ಚೌಕಾಸಿಗೆ ಬಲ. ಹೂಡಿಕೆದಾರರ ಮುಂದೆ ಕೋಟಿಯ ಅಂಕಿ ಹೇಳುವುದು ಇದಕ್ಕೇ.

ಸದಸ್ಯರ ತಲೆಗೊಂದು ಬೆಲೆ ಕಟ್ಟಿದರೆ

ಎಲ್ಲ ಸದಸ್ಯರೂ ಒಂದೇ ತೂಕದವರಾಗಿದ್ದರೆ ತಲೆಗೆ ಬೀಳುವ ಬೆಲೆಯೂ ಸರಿಸುಮಾರು ಒಂದೇ ಇರಬೇಕಿತ್ತು. ಯುನೈಟೆಡ್ ಸಾಲ ಎತ್ತಿದಾಗ ಮೈಲೇಜ್‌ಪ್ಲಸ್‌ಗೆ ಕಟ್ಟಿಸಿದ ಬೆಲೆ 2,190 ಕೋಟಿ ಡಾಲರ್, ಅಂದರೆ ತಲೆಗೆ ಸುಮಾರು 219 ಡಾಲರ್. ಕೆನಡಾದ ಮೈಲ್ ಕಾರ್ಯಕ್ರಮ ಏರೋಪ್ಲಾನ್ ಕಥೆ ಬೇರೆಯೇ.

ಏರ್ ಕೆನಡಾ 2005ರಲ್ಲಿ ಏರೋಪ್ಲಾನನ್ನು ಬೇರೆ ಕಂಪನಿ ಮಾಡಿ ಷೇರುಪೇಟೆಗೆ ಬಿಟ್ಟಿತು. ಮುಂದೆ ಅದು ಐಮಿಯಾ ಎಂಬ ಕಂಪನಿಯ ಕೈಯಲ್ಲಿತ್ತು. 2017ರ ಮೇ ತಿಂಗಳಲ್ಲಿ ಏರ್ ಕೆನಡಾ "2020ರಿಂದ ನಮ್ಮದೇ ಹೊಸ ಕಾರ್ಯಕ್ರಮ ಮಾಡುತ್ತೇವೆ, ಇವರ ಸಹವಾಸ ಸಾಕು" ಎಂಬ ಧಾಟಿಯಲ್ಲಿ ಘೋಷಿಸಿತು. ಒಂದೇ ದಿನದಲ್ಲಿ ಐಮಿಯಾ ಷೇರು ಅರ್ಧಕ್ಕಿಂತ ಕೆಳಗೆ ಕುಸಿಯಿತು. ಗಮನಿಸಿ, ಆ ದಿನ ಒಬ್ಬ ಸದಸ್ಯನೂ ಖಾತೆ ಮುಚ್ಚಿರಲಿಲ್ಲ. ಸುಮಾರು 50 ಲಕ್ಷ ಸದಸ್ಯರು ಬೆಳಿಗ್ಗೆ ಎಷ್ಟಿದ್ದರೋ ಸಂಜೆಯೂ ಅಷ್ಟೇ ಇದ್ದರು. ಕೊನೆಗೆ 2019ರ ಜನವರಿಯಲ್ಲಿ ಏರ್ ಕೆನಡಾ ಮತ್ತು ಅದರ ಜೊತೆಗಾರ ಬ್ಯಾಂಕುಗಳು ಏರೋಪ್ಲಾನನ್ನು 45 ಕೋಟಿ ಕೆನಡಾ ಡಾಲರ್‌ಗೆ ಮರಳಿ ಕೊಂಡವು, ಜೊತೆಗೆ ಸದಸ್ಯರಿಗೆ ತೀರಿಸಬೇಕಾದ ಸುಮಾರು 190 ಕೋಟಿ ಡಾಲರ್‌ನ ಮೈಲ್ ಬಾಕಿಯನ್ನೂ ಹೊತ್ತುಕೊಂಡವು. ತಲೆಲೆಕ್ಕ ಹಾಕಿದರೆ ಒಬ್ಬ ಸದಸ್ಯನ ಲೆಕ್ಕದಲ್ಲಿ ಐಮಿಯಾಗೆ ಕೈಯಾರೆ ಕೊಟ್ಟದ್ದು 90 ಕೆನಡಾ ಡಾಲರ್, ಅವನಿಗೆ ತೀರಿಸಬೇಕಾದ ಬಾಕಿ 380 ಡಾಲರ್. ಸದಸ್ಯ ಅಂದರೆ ಆಸ್ತಿಯೋ ಸಾಲವೋ?

ಎರಡೂ. ಪಾಯಿಂಟ್ ಕೊಟ್ಟ ಕೂಡಲೇ ಆ ಪಾಲಿನ ದುಡ್ಡನ್ನು ಆದಾಯ ಎಂದು ಬರೆದುಕೊಳ್ಳುವ ಹಾಗಿಲ್ಲ. ಗ್ರಾಹಕ ಅದನ್ನು ಬಳಸುವವರೆಗೆ ಅದು ಬಾಕಿ. ಭಾರತದಲ್ಲೂ 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ನಿಯಮ ಇದನ್ನೇ ಹೇಳುತ್ತದೆ. ಉದಾಹರಣೆಗೆ 10,000 ರೂಪಾಯಿ ಟಿಕೆಟ್‌ನ ಜೊತೆ 300 ರೂಪಾಯಿ ಬೆಲೆಯ ಪಾಯಿಂಟ್ ಕೊಟ್ಟರೆ, ಸರಿಸುಮಾರು ಅಷ್ಟು ಹಣವನ್ನು ಪಕ್ಕಕ್ಕೆ ಎತ್ತಿಡಬೇಕು. ಇದರಲ್ಲಿ ಎಷ್ಟು ಪಾಯಿಂಟ್‌ಗಳನ್ನು ಯಾರೂ ಬಳಸುವುದೇ ಇಲ್ಲ ಎಂದು ಕಂಪನಿ ಅಂದಾಜು ಮಾಡಿ ಬಾಕಿಯನ್ನು ತಗ್ಗಿಸಬಹುದು. ಈ ವ್ಯವಹಾರದವರು ಇದನ್ನು ಬ್ರೇಕೇಜ್ ಎನ್ನುತ್ತಾರೆ. ಹಾಗಾಗಿ ಮರೆತು ಮಲಗಿದ ಸದಸ್ಯನಿಂದಲೂ ಕಂಪನಿಗೆ ಲಾಭವೇ. ಅವನನ್ನು ಎಬ್ಬಿಸಲು ಯಾರಿಗೂ ಅವಸರವಿಲ್ಲ.

ಸಂಖ್ಯೆ ಚಿಕ್ಕದಾಗಿದ್ದೂ ತೂಕ ಇರಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ ಸಾಕ್ಷಿ. ಅದರ ಸದಸ್ಯರು 1.6 ಕೋಟಿ ದಾಟಿದ್ದಾರೆ. ಅಮೆರಿಕದ ಮುಂದೆ ಅದು ಏನೂ ಅಲ್ಲ. ಆದರೆ ಆಸ್ಟ್ರೇಲಿಯಾದ ಜನಸಂಖ್ಯೆ ಸುಮಾರು 2.7 ಕೋಟಿ. ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಹಾಲು ತಂದರೂ, ಪೆಟ್ರೋಲ್ ಹಾಕಿಸಿದರೂ ಕ್ವಾಂಟಾಸ್ ಪಾಯಿಂಟ್ ಸಿಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಮಾತ್ರ ವಿಮಾನ ಹತ್ತುವವನ ಖಾತೆಯೂ ವಾರ ವಾರ ಅಲುಗಾಡುತ್ತಿರುತ್ತದೆ.

ಭಾರತದ ಅನುಭವ ಏನು ಹೇಳುತ್ತದೆ

2006ರಲ್ಲಿ ಹಾರಲು ಶುರು ಮಾಡಿದ ಇಂಡಿಗೊ 18 ವರ್ಷ ಇಂಥ ಕಾರ್ಯಕ್ರಮವೇ ಇಲ್ಲದೆ, ಹೆಚ್ಚೆಂದರೆ ಬ್ಯಾಂಕ್ ಕಾರ್ಡಿನ ರಿಯಾಯಿತಿಯೊಂದಿಗೆ ನಡೆಯಿತು. ಆ ಹೊತ್ತಿಗೆ ದೇಶದೊಳಗಿನ ಪ್ರಯಾಣಿಕರಲ್ಲಿ ಶೇ 60ಕ್ಕೂ ಜಾಸ್ತಿ ಅದರ ಪಾಲಾಗಿತ್ತು. ಸದಸ್ಯರ ಲೆಕ್ಕದಲ್ಲಿ ಸೊನ್ನೆ, ಮಾರುಕಟ್ಟೆಯಲ್ಲಿ ಮೊದಲು.

ಇದಕ್ಕೆ ಎದುರಾಗಿ ನಮ್ಮ ಬೆಂಗಳೂರಿನಲ್ಲೇ ನೆಲೆಯಿದ್ದ ಕಿಂಗ್‌ಫಿಶರ್ ನೋಡಿ. ಅದಕ್ಕೆ ಕಿಂಗ್ ಕ್ಲಬ್ ಇತ್ತು, ಥಳುಕೂ ಇತ್ತು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, ಲೈಸೆನ್ಸ್ ಅಮಾನತಾಯಿತು, ಕಿಂಗ್ ಮೈಲ್‌ಗಳು ಗಾಳಿಗೆ ಹೋದವು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಮಾತ್ರ ಹಾಗಾಗಲಿಲ್ಲ. ಜೆಟ್‌ಪ್ರಿವಿಲೇಜ್ ಬೇರೆಯದೇ ಕಂಪನಿಯಾಗಿತ್ತು, 2014ರಲ್ಲೇ ಅಬುಧಾಬಿಯ ಎತಿಹಾದ್ ಏರ್‌ವೇಸ್ 15 ಕೋಟಿ ಡಾಲರ್ ಕೊಟ್ಟು ಅದರ ಶೇ 50.1 ಪಾಲು ಕೊಂಡಿತ್ತು. ಅದು ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ವಿಮಾನವೇ ಇಲ್ಲದ ಫ್ರೀಕ್ವೆಂಟ್ ಫ್ಲೈಯರ್ ಕಾರ್ಯಕ್ರಮ! ಸದಸ್ಯರ ಪಟ್ಟಿ ಹಾಗೇ ಇತ್ತು, ಆ ಪಟ್ಟಿಗೆ ಜನ ಸೇರಿದ್ದ ಕಾರಣ ಮಾತ್ರ ಹೊರಟುಹೋಗಿತ್ತು.

ದುಡ್ಡು ಕೊಟ್ಟು ಸದಸ್ಯರಾಗಬೇಕಾದಾಗ ಎಷ್ಟು ಜನ ಬರುತ್ತಾರೆ ಎಂಬುದಕ್ಕೂ ಹೊಸ ಉದಾಹರಣೆ ಇದೆ. ಯುರೋಪಿನ ರಯಾನ್‌ಏರ್ 2025ರ ಮಾರ್ಚ್‌ನಲ್ಲಿ ವರ್ಷಕ್ಕೆ 79 ಪೌಂಡ್‌ನ ಪ್ರೈಮ್ ಯೋಜನೆ ತಂದಿತು. ವರ್ಷಕ್ಕೆ ಕೋಟಿಗಟ್ಟಲೆ ಪ್ರಯಾಣಿಕರನ್ನು ಹೊರುವ ಕಂಪನಿಗೆ ಸಿಕ್ಕ ಸದಸ್ಯರು ಸುಮಾರು 55,000. ಅವರಿಂದ ಬಂದ ಶುಲ್ಕಕ್ಕಿಂತ ಅವರಿಗೆ ಕೊಟ್ಟ ರಿಯಾಯಿತಿಯೇ ಜಾಸ್ತಿಯಾಗಿ, ನವೆಂಬರ್‌ನಲ್ಲಿ ಯೋಜನೆ ಮುಚ್ಚಿತು. ನಿಜವಾಗಿ ಬಳಸುವ ಸದಸ್ಯರು ದುಬಾರಿ. ಬಿಟ್ಟಿ ಸದಸ್ಯತ್ವದ ಕೋಟಿಗಳು ಕಂಪನಿಗೆ ಅಗ್ಗವಾಗಿರುವುದೇ ಅವರಲ್ಲಿ ಬಹುಪಾಲು ಜನ ಏನನ್ನೂ ಕೇಳದೆ ಇರುವುದರಿಂದ.

ಮುಂದೇನಾಗುತ್ತದೆ

ಪಟ್ಟಿ ಉದ್ದವಾದಷ್ಟೂ ಕಂಪನಿಗೆ ಒಂದು ಇಕ್ಕಟ್ಟು. ಪಾಯಿಂಟ್ ಜಾಸ್ತಿ ಜನರ ಕೈಗೆ ಹೋಯಿತು, ಸೀಟು ಅಷ್ಟೇ ಇದೆ. ಆಗ ಪಾಯಿಂಟ್‌ನ ಬೆಲೆ ಇಳಿಸಲೇಬೇಕು. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ 'ಈ ಮಾರ್ಗಕ್ಕೆ ಇಷ್ಟು ಮೈಲ್' ಎಂಬ ಪಟ್ಟಿಯನ್ನೇ ಕಿತ್ತುಹಾಕಿದವು. ಈಗ ಮೈಲ್ ದರವೂ ಟಿಕೆಟ್ ದರದ ಹಾಗೆ ದಿನಕ್ಕೊಂದು.

ಜೊತೆಗೇ ಒಳಗಿನ ಗೋಡೆ ಎತ್ತರವಾಗುತ್ತದೆ. ಎಲ್ಲರೂ ಸದಸ್ಯರೇ ಆದಾಗ ಸದಸ್ಯತ್ವಕ್ಕೆ ಬೆಲೆಯಿಲ್ಲ, ಗೋಲ್ಡ್, ಪ್ಲಾಟಿನಂ ಎಂಬ ಮೇಲಿನ ದರ್ಜೆಗಳಿಗೆ ಮಾತ್ರ ಬೆಲೆ, ಅಲ್ಲಿಗೆ ಹತ್ತಲು ದೂರ ಹಾರಿದರೆ ಸಾಲದು, ಖರ್ಚು ಮಾಡಬೇಕು. ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ಖರ್ಚಿನ ಲೆಕ್ಕಕ್ಕೆ ಬಂತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಲ್ಲಿ ಬಂತು, ಅಲ್ಲಿ ಗೋಲ್ಡ್ ಆಗಲು ಹೆಚ್ಚುಕಡಿಮೆ ವರ್ಷಕ್ಕೆ 20,000 ಪೌಂಡ್ ಖರ್ಚಿರಬೇಕು. ವರ್ಷಕ್ಕೊಮ್ಮೆ ಲಂಡನ್‌ನಿಂದ ಬೆಂಗಳೂರಿಗೆ ಎಕಾನಮಿಯಲ್ಲಿ ಬಂದುಹೋಗುವ ಕನ್ನಡಿಗ ಕುಟುಂಬಕ್ಕೆ ಅದು ಕೈಗೆಟುಕದ ಮಾತು. ಡೆಲ್ಟಾ 2023ರ ಸೆಪ್ಟೆಂಬರ್‌ನಲ್ಲಿ ಇಂಥದೇ ಬದಲಾವಣೆ ಘೋಷಿಸಿದಾಗ ಗ್ರಾಹಕರು ರೊಚ್ಚಿಗೆದ್ದರು, ಮುಂದಿನ ತಿಂಗಳೇ ಕಂಪನಿ ಕೆಲವನ್ನು ಸಡಿಲಿಸಬೇಕಾಯಿತು. ಅಮೆರಿಕದ ಸಾರಿಗೆ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದೊಡ್ಡ ಕಂಪನಿಗಳಿಗೆ ಪತ್ರ ಬರೆದು ಪಾಯಿಂಟ್ ಬೆಲೆ ಇಳಿಸುವುದು, ದರ ಮುಚ್ಚಿಡುವುದು ಇವುಗಳ ವಿವರ ಕೇಳಿತು. ಕಂಪನಿಗಳ ಉತ್ತರವೂ ಇದೆ: ಇದು ನಾವು ಕೊಡುವ ಬಹುಮಾನ, ಯಾರನ್ನೂ ಬಲವಂತವಾಗಿ ಸೇರಿಸಿಕೊಂಡಿಲ್ಲ. ಬ್ಯಾಂಕುಗಳಿಗೆ ದುಡ್ಡಿಗೆ ಮಾರಿದ್ದನ್ನು ಬಹುಮಾನ ಎನ್ನುವುದು ಎಷ್ಟು ಸರಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಮಲಗಿದ ಖಾತೆಗಳಿಗೆ ಇನ್ನೊಂದು ಅಪಾಯವಿದೆ. 2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಬಹಿರಂಗಪಡಿಸಿದ ಮಾಹಿತಿ ಸೋರಿಕೆಯಲ್ಲಿ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಹೊರಹೋಗಿತ್ತು, ಅದರಲ್ಲಿ ಫ್ರೀಕ್ವೆಂಟ್ ಫ್ಲೈಯರ್ ವಿವರವೂ ಇತ್ತು. ಕದ್ದದ್ದು ಕಂಪನಿಯ ಕಂಪ್ಯೂಟರ್‌ನಿಂದಲ್ಲ, ಅದಕ್ಕೆ ಸೇವೆ ಕೊಡುತ್ತಿದ್ದ ಸೀಟಾ ಎಂಬ ಸಂಸ್ಥೆಯಿಂದ. ಮಾಹಿತಿ 2011ರ ಆಗಸ್ಟ್‌ನಿಂದ 2021ರ ಫೆಬ್ರವರಿವರೆಗಿನದು. ಹತ್ತು ವರ್ಷದ ಹಿಂದೆ ಒಮ್ಮೆ ಹಾರಿ ಮರೆತವರ ವಿವರವೂ ಅಲ್ಲಿ ಕೂತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು. ಇದನ್ನು ಗಂಭೀರವಾಗಿ ತೆಗೆದುಕೊಂಡು ಹಳೆಯ ಖಾತೆಗಳನ್ನು ತೊಳೆದ ಕಂಪನಿಯ ಸದಸ್ಯರ ಸಂಖ್ಯೆ ಒಂದೇ ವರ್ಷದಲ್ಲಿ ಧಡಕ್ಕನೆ ಇಳಿಯಬಹುದು. ಏನನ್ನೂ ಅಳಿಸದ ಪಕ್ಕದ ಕಂಪನಿ ಆ ವರ್ಷದ ಹೋಲಿಕೆಯಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆ.